ನಿಲ್ದಾಣಕ್ಕೊಂದು ಹೆಸರು



ನಮ್ಮ ಕಡೆ ಕೂಸಿಗೆ ಹೆಸರಿಡುವ ದಿನ ತೊಟ್ಟಿಲಿನ ಸುತ್ತ ಎಷ್ಟು ಮಂದಿ ನೆರೆಯುತ್ತಾರೆಂಬುದನ್ನು ನೀವೆಲ್ಲರೂ ಬಲ್ಲಿರಿ. ಅಜ್ಜನ ಹೆಸರು ಬೇಕೆನ್ನುವವರೊಬ್ಬರು. ಮನೆದೇವರ ಹೆಸರು ಬೇಕೆನ್ನುವವರು ಇನ್ನೊಬ್ಬರು. ಕಿವಿಗೆ ಹೊಸದಾಗಿ ಕೇಳುವ ಹೆಸರು ಬೇಕೆನ್ನುವವರು ಮತ್ತೊಬ್ಬರು. ಕೊನೆಗೆ ಸೋದರತ್ತೆಯು ಕೂಸಿನ ಕಿವಿಯಲ್ಲಿ ಹೆಸರನ್ನು ಕೂಗಿದಳೆಂದರೆ ಚರ್ಚೆ ಮುಗಿಯಿತು. ಬೆಂಗಳೂರಿನಲ್ಲಿ ೨೦೧೧ನೆಯ ಇಸವಿಯಿಂದ ಈಚೆಗೆ ಕಂಬಗಳ ಮೇಲೆಯೂ ನೆಲದಡಿಯಲ್ಲಿಯೂ ಒಂದೊಂದಾಗಿ ಹುಟ್ಟುತ್ತ ಬಂದಿರುವ ಮೆಟ್ರೋ ನಿಲ್ದಾಣಗಳಿಗೆ ಮಾತ್ರ ಇಂಥ ಸೋದರತ್ತೆ ಇಲ್ಲ. ಆದುದರಿಂದಲೇ ಹೆಸರಿನ ಚರ್ಚೆ ನಿಲ್ದಾಣ ತೆರೆದ ಮೇಲೆಯೂ ಮುಗಿಯುವುದಿಲ್ಲ. ಒಂದು ನಿಲ್ದಾಣಕ್ಕೆ ಒಂದು ಪಕ್ಷದವರು ಮಹಾಪುರುಷರೊಬ್ಬರ ಹೆಸರನ್ನು ಸೂಚಿಸುತ್ತಾರೆ. ಇನ್ನೊಂದು ಪಕ್ಷದವರು ಮತ್ತೊಬ್ಬರ ಹೆಸರನ್ನು ಹೇಳುತ್ತಾರೆ. ಹಣ ಕೊಟ್ಟ ಕಂಪೆನಿಯೊಂದು ತನ್ನ ಹೆಸರನ್ನೂ ಸೇರಿಸಿರೆನ್ನುತ್ತದೆ. ಇವರೆಲ್ಲರ ನಡುವೆ ನೂರಾರು ವರ್ಷಗಳಿಂದ ಆ ನೆಲದಲ್ಲಿಯೇ ಇರುವ ಹಳ್ಳಿಯ ಹೆಸರು, ಕೇಳುವವರಿಲ್ಲದೆ ಮೂಲೆಯಲ್ಲಿ ನಿಂತಿರುತ್ತದೆ.

ಹೂವಿನಹಡಗಲಿಯಂಥ ಊರಿನಲ್ಲಿ ಕುಳಿತವರಿಗೆ ಬೆಂಗಳೂರಿನ ನಿಲ್ದಾಣಗಳ ಉಸಾಬರಿ ಏಕೆಂದು ನೀವು ಕೇಳಬಹುದು. ನಮ್ಮ ಊರಿಗೆ ಮೆಟ್ರೋ ಹಾಗಿರಲಿ, ರೈಲೇ ಬಂದಿಲ್ಲ. ಗಾಡಿ ಹತ್ತಬೇಕಾದರೆ ಹಗರಿಬೊಮ್ಮನಹಳ್ಳಿಗೋ ಹೊಸಪೇಟೆಗೋ ಹೋಗಬೇಕು. ಆದರೆ ಎರಡು ಕಾರಣಗಳಿಂದ ಈ ಮಾತು ನಮಗೂ ಸಲ್ಲುತ್ತದೆ. ಸುಗ್ಗಿ ಮುಗಿದ ಮೇಲೆ ನಮ್ಮ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ತಾಲ್ಲೂಕುಗಳಿಂದ ಕಟ್ಟಡದ ಕೆಲಸಕ್ಕೆಂದು ರಾತ್ರಿಯ ಬಸ್ಸು ಹತ್ತಿ ಬೆಂಗಳೂರಿಗೆ ಹೋಗುವವರು ಬಹಳ ಮಂದಿ. ಕನ್ನಡವನ್ನಷ್ಟೆ ಓದಬಲ್ಲ, ಎಷ್ಟೋ ವೇಳೆ ಅದನ್ನೂ ಓದಲಾರದ ಆ ಪ್ರಯಾಣಿಕನಿಗೆ ನಿಲ್ದಾಣದ ಹೆಸರೇ ದಾರಿ ತೋರುವ ಕೈಮರ. ಇದು ಮೊದಲನೆಯ ಕಾರಣ. ಎರಡನೆಯದು, ಊರಿಗೆ ಹೆಸರು ಹೇಗೆ ಹುಟ್ಟುತ್ತದೆ, ಹೇಗೆ ಬಾಳುತ್ತದೆ, ಹೇಗೆ ಅಳಿಯುತ್ತದೆ ಎಂಬ ಪಾಠಕ್ಕೆ ನಮ್ಮ ಈ ಸೀಮೆಗಿಂತ ಒಳ್ಳೆಯ ಪಾಠಶಾಲೆ ಬೇರೊಂದಿಲ್ಲ. ಆ ಪಾಠವನ್ನೇ ಮೊದಲು ನೋಡೋಣ.

ನಮ್ಮ ಊರಿನ ಹೆಸರಿಗೆ ಒಂದು ಕಥೆಯುಂಟು. ವಿಜಯನಗರದ ಅರಸರ ಕಾಲದಲ್ಲಿ ಇಲ್ಲಿ ಬೆಳೆದ ಹೂವನ್ನು ಹಡಗುಗಳಲ್ಲಿ ತುಂಬಿ, ತುಂಗಭದ್ರೆಯ ಪ್ರವಾಹದೊಡನೆ ಹಂಪೆಗೆ ಕಳುಹಿಸುತ್ತಿದ್ದರಂತೆ. ಅದರಿಂದಲೇ ಊರು ಹೂವಿನ ಹಡಗಲಿಯಾಯಿತಂತೆ. ಕೇಳುವುದಕ್ಕೆ ಬಹು ಸೊಗಸಾದ ಕಥೆ. ಆದರೆ ಶಾಸನಗಳು ಬೇರೊಂದು ಮಾತನ್ನು ಹೇಳುತ್ತವೆ. ಕಲ್ಯಾಣದ ಚಾಲುಕ್ಯರ ಕಾಲದ ಕಲ್ಲುಗಳಲ್ಲಿಯೇ ಈ ಊರು ‘ಪೂವಿನ ಪಡಂಗಿಲೆ’ ಎಂದು ಕಾಣಿಸಿಕೊಂಡಿದೆ. ವಿಜಯನಗರವು ಸ್ಥಾಪಿತವಾದದ್ದು ೧೩೩೬ರಲ್ಲಿ. ಚಾಲುಕ್ಯರ ಆಳ್ವಿಕೆ ಅದಕ್ಕೆ ಒಂದೂವರೆ ಶತಮಾನದಷ್ಟು ಮೊದಲೇ ಮುಗಿದಿತ್ತು. ಎಂದ ಮೇಲೆ ಸಾಮ್ರಾಜ್ಯ ಹುಟ್ಟುವ ಮೊದಲೇ ಹೂವೂ ಇತ್ತು, ಹೆಸರೂ ಇತ್ತು. ಪಂಪಾಕ್ಷೇತ್ರವು ವಿಜಯನಗರಕ್ಕಿಂತ ಹಳೆಯದಾದುದರಿಂದ ಹೂವು ಹೊಳೆಯಲ್ಲಿ ಹೋಗಿದ್ದರೂ ಹೋಗಿರಬಹುದು. ಆದರೆ ಹೆಸರನ್ನು ಕೊಟ್ಟವರು ವಿಜಯನಗರದ ಅರಸರಲ್ಲ.

ಹಳಗನ್ನಡದ ಪಕಾರವು ನಡುಗನ್ನಡಕ್ಕೆ ಬರುವಾಗ ಹಕಾರವಾಯಿತೆಂಬುದನ್ನು ನಾವು ಶಾಲೆಯಲ್ಲಿ ಹೇಳಿಕೊಡುತ್ತೇವೆ. ಪಾಲು ಹಾಲಾಯಿತು, ಪೊಸತು ಹೊಸತಾಯಿತು, ಪಳ್ಳಿ ಹಳ್ಳಿಯಾಯಿತು. ಅದೇ ನಿಯಮದಂತೆ ಪೂವು ಹೂವಾಗಿ, ಪಡಂಗಿಲೆಯು ಹಡಗಲಿಯಾಗಿ ನಮ್ಮ ಬಾಯಿಗೆ ಬಂದಿತು. ಭಾಷೆ ಬದಲಾದಂತೆ ಹೆಸರೂ ತನ್ನ ಉಡುಗೆಯನ್ನು ಬದಲಿಸಿಕೊಂಡಿತೇ ಹೊರತು ತಾನು ಬದಲಾಗಲಿಲ್ಲ. ಚಾಲುಕ್ಯರು ಹೋದರು, ಹೊಯ್ಸಳರು ಬಂದು ಹೋದರು, ವಿಜಯನಗರ ಮೆರೆದು ಮುಳುಗಿತು, ಕಂಪೆನಿ ಸರ್ಕಾರ ಬಂದಿತು, ಮದರಾಸಿನ ಆಡಳಿತ ನಡೆಯಿತು. ೧೯೫೩ರ ಅಕ್ಟೋಬರ್ ೧ರಂದು ಮೈಸೂರು ರಾಜ್ಯಕ್ಕೆ ಸೇರಿದೆವು. ೨೦೨೧ರಲ್ಲಿ ವಿಜಯನಗರವೆಂಬ ಹೊಸ ಜಿಲ್ಲೆಯೊಳಗೆ ಬಂದೆವು. ಇಷ್ಟೆಲ್ಲ ನಡೆದರೂ ಊರಿನ ಹೆಸರಿನಲ್ಲಿ ಹೂವು ಬಾಡಲಿಲ್ಲ. ಇಂದಿಗೂ ಹಡಗಲಿಯ ಮಲ್ಲಿಗೆ, ಮೈಸೂರು ಮತ್ತು ಉಡುಪಿಯ ಮಲ್ಲಿಗೆಗಳಂತೆಯೇ, ಭೌಗೋಳಿಕ ಗುರುತಿನ ಸರ್ಕಾರಿ ಮನ್ನಣೆಯನ್ನು ಪಡೆದಿದೆ. ನೆಲದ ಗುಣವನ್ನು ಹಿಡಿದು ಇಟ್ಟ ಹೆಸರಿಗೆ ಇಷ್ಟು ಆಯುಷ್ಯ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಡಗಲಿ ಎಂದಷ್ಟೆ ಹೇಳಿದರೆ ಸಾಲದೆ? ‘ಹೂವಿನ’ ಎಂಬ ವಿಶೇಷಣ ಏಕೆ ಬೇಕಾಯಿತು? ಇದೇ ತಾಲ್ಲೂಕಿನಲ್ಲಿ ಹಿರೇಹಡಗಲಿ ಎಂಬ ಇನ್ನೊಂದು ಊರಿದೆ. ಚಾಲುಕ್ಯ ಸೋಮೇಶ್ವರನ ಮಂತ್ರಿಯಾದ ದೇಮರಸನು ೧೦೫೭ರಲ್ಲಿ ಕಟ್ಟಿಸಿದ ಕಲ್ಲೇಶ್ವರ ದೇವಾಲಯವಿರುವುದು ಅಲ್ಲಿಯೇ. ಒಂದೇ ಹೆಸರಿನ ಎರಡು ಊರುಗಳಿದ್ದರೆ ದಾರಿಹೋಕನಿಗೆ ತೊಡಕಾಗುತ್ತದೆ; ಹಾಗಾಗಬಾರದೆಂದು ಒಂದನ್ನು ಹೂವಿನಿಂದ ಗುರುತಿಸಿದರು, ಇನ್ನೊಂದನ್ನು ಹಿರಿತನದಿಂದ ಗುರುತಿಸಿದರು. ನಮ್ಮ ನೆರೆಯ ಹಗರಿಬೊಮ್ಮನಹಳ್ಳಿಯೂ ಹಾಗೆಯೇ. ಬೊಮ್ಮನಹಳ್ಳಿಗಳು ಕನ್ನಡ ನಾಡಿನಲ್ಲಿ ಎಷ್ಟೋ ಇವೆ. ಹಗರಿ ಹೊಳೆಯ ಹೆಸರನ್ನು ಮುಂದೆ ಸೇರಿಸಿದೊಡನೆ ಈ ಬೊಮ್ಮನಹಳ್ಳಿ ಬೇರೆಯಾಗಿ ನಿಂತಿತು. ಹೆಸರಿನ ಮೊದಲ ಕೆಲಸ ಗೌರವ ತೋರಿಸುವುದಲ್ಲ, ಗುರುತು ತೋರಿಸುವುದು ಎಂಬ ತತ್ತ್ವವನ್ನು ನಮ್ಮ ಹಿರಿಯರು ಯಾವ ಸಮಿತಿಯೂ ಇಲ್ಲದೆ ತಿಳಿದುಕೊಂಡಿದ್ದರು.

ಅರಸರು ಗೌರವಕ್ಕಾಗಿ ಹೆಸರಿಟ್ಟದ್ದಿಲ್ಲವೆ? ಧಾರಾಳವಾಗಿ ಇಟ್ಟರು. ಅದರ ಗತಿ ಏನಾಯಿತೆಂಬುದನ್ನು ಹೊಸಪೇಟೆಯಲ್ಲಿ ನೋಡಬಹುದು. ಕೃಷ್ಣದೇವರಾಯನು ತನ್ನ ರಾಜಧಾನಿಯ ಪಕ್ಕದಲ್ಲಿ ಹೊಸ ಪಟ್ಟಣವೊಂದನ್ನು ಕಟ್ಟಿಸಿದನು. ೧೫೨೦ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಆ ಪಟ್ಟಣವನ್ನು ಕಂಡು, ರಾಜನು ತನ್ನ ಪ್ರೀತಿಯ ರಾಣಿಯ ಹೆಸರಿನಲ್ಲಿ ಅದನ್ನು ಕಟ್ಟಿಸಿದನೆಂದು ಬರೆದಿದ್ದಾನೆ. ನಾಗಲಾಪುರವೆಂಬುದು ಅದರ ಹೆಸರು. ಕೃಷ್ಣದೇವರಾಯನಿಗಿಂತ ದೊಡ್ಡ ಅಧಿಕಾರ ಯಾರಿಗಿತ್ತು? ಆದರೂ ಸಂತೆಗೆ ಬರುವ ಜನ ಅದನ್ನು ‘ಹೊಸ ಪೇಟೆ’ ಎಂದರು. ಐದುನೂರು ವರ್ಷಗಳಾದುವು, ಪೇಟೆ ಹಳೆಯದಾಯಿತು, ಹೆಸರು ಮಾತ್ರ ಹೊಸದಾಗಿಯೇ ಇದೆ. ನಾಗಲಾಪುರವನ್ನು ಈಗ ಪುಸ್ತಕದಲ್ಲಿ ಹುಡುಕಬೇಕು. ೨೦೧೪ರ ನವೆಂಬರ್ ೧ರಂದು ರಾಜ್ಯದ ೧೨ ನಗರಗಳ ಹೆಸರುಗಳನ್ನು ಇಂಗ್ಲಿಷಿನಲ್ಲಿಯೂ ಕನ್ನಡದ ಉಚ್ಚಾರಣೆಯಂತೆಯೇ ಬರೆಯತಕ್ಕದ್ದೆಂದು ಸರ್ಕಾರವು ಜಾರಿಗೆ ತಂದಾಗ ಬಳ್ಳಾರಿ, ಹೊಸಪೇಟೆಗಳೂ ಅದರಲ್ಲಿದ್ದುವು. ಅಲ್ಲಿ ಸರ್ಕಾರವು ಹೊಸ ಹೆಸರುಗಳನ್ನು ಕಲ್ಪಿಸಲಿಲ್ಲ. ಜನರ ನಾಲಗೆಯನ್ನು ಅನುಸರಿಸಿತು. ಆದುದರಿಂದಲೇ ಆ ಬದಲಾವಣೆ ನಮಗೆ ಬದಲಾವಣೆಯಾಗಿ ತೋರಲೇ ಇಲ್ಲ.

ಈಗ ಬೆಂಗಳೂರಿಗೆ ಬರೋಣ. ಆ ನಗರದ ಹೆಸರಿನ ಕಥೆಯೂ ನಮ್ಮ ಹಡಗಲಿಯ ಕಥೆಯಂತೆಯೇ ಇದೆಯೆಂಬುದು ವಿನೋದದ ಸಂಗತಿ. ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟಳು, ಅದರಿಂದ ಬೆಂದಕಾಳೂರಾಯಿತು ಎಂದು ಎಲ್ಲರೂ ಹೇಳುತ್ತಾರೆ. ವೀರಬಲ್ಲಾಳನು ಆಳಿದ್ದು ೧೨ನೆಯ ಶತಮಾನದ ಕೊನೆಯಲ್ಲಿ ಮತ್ತು ೧೩ನೆಯ ಶತಮಾನದ ಮೊದಲಲ್ಲಿ. ಆದರೆ ಬೆಂಗಳೂರಿನ ತೆಂಕಣಕ್ಕಿರುವ ಬೇಗೂರಿನಲ್ಲಿ ಗಂಗರ ಕಾಲದ, ೯ನೆಯ ಶತಮಾನದ ಕೊನೆಯ ಭಾಗದ ವೀರಗಲ್ಲೊಂದು ಬೆಂಗಳೂರಿನ ಕಾಳಗದಲ್ಲಿ ಮಡಿದವನನ್ನು ಹೆಸರಿಸುತ್ತದೆ. ಕಥೆಗಿಂತ ಕಲ್ಲು ಮುನ್ನೂರು ವರ್ಷ ಹಿರಿದು. ಕೆಂಪೇಗೌಡನು ೧೫೩೭ರಲ್ಲಿ ಕೋಟೆ ಪೇಟೆಗಳನ್ನು ಕಟ್ಟಿದಾಗ ಹೊಸ ಹೆಸರನ್ನು ಹುಡುಕುವ ಗೋಜಿಗೆ ಹೋಗದೆ ಇದ್ದ ಹೆಸರನ್ನೇ ಉಳಿಸಿಕೊಂಡನು. ಊರನ್ನು ಕಟ್ಟಿದವನೇ ತನ್ನ ಹೆಸರನ್ನು ಊರಿಗೆ ಇಡಲಿಲ್ಲವೆಂಬುದನ್ನು ಇಂದು ಹೆಸರಿಡಲು ಹೊರಟವರು ಒಮ್ಮೆಯಾದರೂ ನೆನೆಯಬೇಕು.

ಬೆಂಗಳೂರಿಗೆ ಹೊಳೆಯಿಲ್ಲ. ಆದುದರಿಂದ ಅಲ್ಲಿನ ಹಿರಿಯರು ಕೆರೆಗಳನ್ನು ಕಟ್ಟಿದರು. ದೊಡ್ಡ ಕೆರೆಯನ್ನು ಅಭಿಮಾನದಿಂದ ‘ಸಮುದ್ರ’ ಎಂದು ಕರೆದರು. ಹೊಯ್ಸಳರ ರಾಜಧಾನಿ ದೋರಸಮುದ್ರವಾದುದೂ ಹೀಗೆಯೇ. ಸಮುದ್ರವೆಂಬ ಮಾತು ಹಳ್ಳಿಯವರ ಬಾಯಲ್ಲಿ ಸವೆದು ‘ಸಂದ್ರ’ವಾಯಿತು. ಈಗ ಮೆಟ್ರೋ ನಿಲ್ದಾಣಗಳ ಪಟ್ಟಿಯನ್ನು ಓದಿರಿ: ನಾಗಸಂದ್ರ, ದೊಡ್ಡಕಲ್ಲಸಂದ್ರ, ಹೊಂಗಸಂದ್ರ, ಸಿಂಗಸಂದ್ರ, ಬೊಮ್ಮಸಂದ್ರ, ಚನ್ನಸಂದ್ರ. ಒಂದೊಂದು ಸಂದ್ರವೂ ಒಂದೊಂದು ಕೆರೆಯ ನೆನಪು. ಕೋಣನಕುಂಟೆಯಲ್ಲಿ ಕುಂಟೆ ಎಂದರೆ ಸಣ್ಣ ಕೆರೆ. ಅತ್ತಿಗುಪ್ಪೆಯಲ್ಲಿ ಅತ್ತಿಯ ಮರವಿದೆ, ಹಲಸೂರಿನಲ್ಲಿ ಹಲಸಿನ ಮರವಿದೆ. ಸಿಂಗಯ್ಯನಪಾಳ್ಯ, ಗರುಡಾಚಾರ್‌ಪಾಳ್ಯಗಳಲ್ಲಿ ಬರುವ ಪಾಳ್ಯವೆಂಬ ಮಾತು ದಂಡಿನ ಬೀಡನ್ನು ನೆನಪಿಗೆ ತರುತ್ತದೆ. ಪಟ್ಟಂದೂರು ಅಗ್ರಹಾರ, ಬೆರಟೇನ ಅಗ್ರಹಾರ, ಕೋನಪ್ಪನ ಅಗ್ರಹಾರಗಳು ದತ್ತಿ ಕೊಟ್ಟ ಕಾಲವನ್ನು ಹೇಳುತ್ತವೆ. ಊರುಗಳ ಹೆಸರುಗಳನ್ನೇ ಆಧಾರವಾಗಿ ಹಿಡಿದು ನಾಡಿನ ಚರಿತ್ರೆಯನ್ನು ಬರೆಯಬಹುದೆಂದು ಶಂ. ಬಾ. ಜೋಶಿಯವರು ‘ಎಡೆಗಳು ಹೇಳುವ ಕಂನಾಡ ಕಥೆ’ಯಲ್ಲಿ ತೋರಿಸಿಕೊಟ್ಟರು. ಆ ಬಗೆಯ ಚರಿತ್ರೆಗೆ ಬೇಕಾದ ಸಾಮಗ್ರಿಯು ಬೆಂಗಳೂರಿನ ನಿಲ್ದಾಣಗಳ ಫಲಕಗಳ ಮೇಲೆ ಬಿಡಿಬಿಡಿಯಾಗಿ ಬಿದ್ದಿದೆ.

ಇದರ ಮಹತ್ತ್ವ ಏನೆಂದು ಯೋಚಿಸಿರಿ. ನಗರ ಬೆಳೆದಾಗ ಮೊದಲು ಹೋದುದು ಹೊಲ, ಆಮೇಲೆ ತೋಪು, ಆಮೇಲೆ ಕೆರೆ. ಕೆರೆಯ ಅಂಗಳದಲ್ಲಿ ಮನೆಗಳೆದ್ದುವು. ಹಳೆಯ ಹಳ್ಳಿಯ ಗುಡಿ, ಅರಳಿಕಟ್ಟೆಗಳು ಕಟ್ಟಡಗಳ ಸಂದಿಯಲ್ಲಿ ಮರೆಯಾದುವು. ಹೊಸ ಬಡಾವಣೆಗಳಿಗೆ ಸಂಖ್ಯೆಗಳೂ ಇಂಗ್ಲಿಷ್ ಹೆಸರುಗಳೂ ಬಂದುವು. ಎಲ್ಲವೂ ಹೋದ ಮೇಲೆ ಉಳಿದಿರುವುದು ಹೆಸರೊಂದೇ. ಮಳೆ ಬಂದಾಗ ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತರೆ ಜನ ಆಶ್ಚರ್ಯಪಡುತ್ತಾರೆ. ಇಲ್ಲಿ ಸಮುದ್ರವಿತ್ತು ಎಂದು ಹೆಸರು ಪ್ರತಿದಿನವೂ ಹೇಳುತ್ತಿತ್ತು, ಕೇಳಿಸಿಕೊಂಡವರಿಲ್ಲ, ಅಷ್ಟೆ. ಆ ಹೆಸರನ್ನೂ ಅಳಿಸಿಬಿಟ್ಟರೆ ಕೆರೆ ಇದ್ದಿತೆಂಬುದಕ್ಕೆ ಕೊನೆಯ ಸಾಕ್ಷಿಯೂ ಇಲ್ಲವಾಗುತ್ತದೆ.

ಹಾಗಾದರೆ ಈಗ ನಡೆದಿರುವುದೇನು? ೨೦೧೧ರ ಅಕ್ಟೋಬರ್ ೨೦ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಯವರೆಗೆ ಆರು ನಿಲ್ದಾಣಗಳ ಮೊದಲ ಸಾಲು ತೆರೆಯಿತು. ೨೦೧೭ರ ಜೂನ್‌ನಲ್ಲಿ ೪೨ ಕಿಲೋಮೀಟರುಗಳ ಮೊದಲ ಹಂತ ಪೂರ್ಣವಾಯಿತು. ೨೦೨೩ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ನೇರಳೆ ಸಾಲು ಮುಗಿಯಿತು. ೨೦೨೫ರ ಆಗಸ್ಟ್‌ನಲ್ಲಿ ೧೬ ನಿಲ್ದಾಣಗಳ ಹಳದಿ ಸಾಲು ಬೊಮ್ಮಸಂದ್ರವನ್ನು ಮುಟ್ಟಿತು. ಇವುಗಳ ಹೆಸರುಗಳಲ್ಲಿ ಹೆಚ್ಚಿನವು ನೆಲದ ಹೆಸರುಗಳೇ ಎಂಬುದನ್ನು ಮೊದಲು ಸಂತೋಷದಿಂದ ಒಪ್ಪಬೇಕು. ಮಾಗಡಿ ರಸ್ತೆ, ಚಿಕ್ಕಪೇಟೆ, ಲಾಲ್‌ಬಾಗ್, ಕೆಂಗೇರಿ ಇವೆಲ್ಲ ಜನರು ಕರೆಯುವಂತೆಯೇ ಇವೆ. ನಾಗಸಂದ್ರದಿಂದ ಮಾದಾವರಕ್ಕೆ ೨೦೨೪ರ ನವೆಂಬರ್‌ನಲ್ಲಿ ತೆರೆದ ಸಾಲಿನಲ್ಲಿ, ಕಾಗದದ ಮೇಲೆ ಕಾರ್ಖಾನೆಯ ಹೆಸರಿನಿಂದ ನಡೆಯುತ್ತಿದ್ದ ನಿಲ್ದಾಣವು ಚಿಕ್ಕಬಿದರಕಲ್ಲು ಎಂಬ ಹಳ್ಳಿಯ ಹೆಸರನ್ನು ಹೊತ್ತು ಹೊರಗೆ ಬಂದಿತು. ಇದು ಮೆಚ್ಚತಕ್ಕ ಮಾತು.

ಆದರೆ ಬೇರೆ ಎರಡು ಬಗೆಯ ಹೆಸರುಗಳೂ ಸೇರುತ್ತ ಬಂದಿವೆ. ಒಂದು, ಮಹನೀಯರ ಹೆಸರುಗಳು. ಮೆಜೆಸ್ಟಿಕ್ಕಿನ ನಿಲ್ದಾಣವು ನಾಡಪ್ರಭು ಕೆಂಪೇಗೌಡರದು. ವಿಧಾನಸೌಧದ ನಿಲ್ದಾಣವು ಡಾಕ್ಟರ್ ಅಂಬೇಡ್ಕರರದು. ಸೆಂಟ್ರಲ್ ಕಾಲೇಜಿನದು ಸರ್ ಎಂ. ವಿಶ್ವೇಶ್ವರಯ್ಯನವರದು, ಹೊಸಹಳ್ಳಿಯದು ಶ್ರೀ ಬಾಲಗಂಗಾಧರನಾಥ ಸ್ವಾಮಿಗಳವರದು. ಇವರಲ್ಲಿ ಯಾರ ಹಿರಿಮೆಯ ಬಗ್ಗೆಯೂ ಎರಡು ಮಾತಿಲ್ಲ. ಪ್ರಶ್ನೆ ಇಷ್ಟೆ: ಹೀಗೆ ಹೆಸರಿಡುವುದರಿಂದ ಅವರಿಗೆ ನಿಜವಾಗಿ ಗೌರವ ಸಲ್ಲುತ್ತದೆಯೆ? ಬೆಂಗಳೂರು ನಗರದ ದೊಡ್ಡ ರೈಲು ನಿಲ್ದಾಣಕ್ಕೆ ೨೦೧೫–೧೬ರಲ್ಲಿ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರನ್ನಿಟ್ಟರು. ಟಿಕೆಟ್ಟಿನ ಮೇಲೆ ಅದು ‘ಕೆ.ಎಸ್.ಆರ್. ಬೆಂಗಳೂರು’ ಆಯಿತು. ಗಲ್ಲಿಗೇರಿದ ವೀರನು ಮೂರು ಇಂಗ್ಲಿಷ್ ಅಕ್ಷರಗಳಾಗಿ ಉಳಿದನು. ಕೃಷ್ಣರಾಜೇಂದ್ರ ಮಾರುಕಟ್ಟೆ ಕೆ.ಆರ್. ಮಾರ್ಕೆಟ್ಟಾಯಿತು, ಮಹಾತ್ಮನ ರಸ್ತೆ ಎಂ.ಜಿ. ರೋಡಾಯಿತು. ಮೆಜೆಸ್ಟಿಕ್ ಎಂಬುದಾದರೋ ಒಂದು ಚಿತ್ರಮಂದಿರದ ಹೆಸರು. ಆ ಚಿತ್ರಮಂದಿರ ಈಗಿಲ್ಲ. ಆದರೂ ಬಸ್ಸಿನ ಕಂಡಕ್ಟರು ಕೂಗುವುದು ಮೆಜೆಸ್ಟಿಕ್ ಎಂದೇ. ಕಬ್ಬನ್ ಪಾರ್ಕಿಗೆ ೧೯೨೭ರಲ್ಲಿಯೇ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ಹೆಸರಿಟ್ಟರು. ಸುಮಾರು ತೊಂಬತ್ತು ವರ್ಷಗಳ ಮೇಲೆ ಮೆಟ್ರೋ ನಿಲ್ದಾಣ ಬಂದಾಗ ಅದು ಕಬ್ಬನ್ ಪಾರ್ಕ್ ಎಂದೇ ಬಂದಿತು. ನಾಗಲಾಪುರದ ಕಥೆ ಬೆಂಗಳೂರಿನಲ್ಲಿ ಪುನಃ ನಡೆದಿದೆ.

ಎರಡನೆಯದು, ಹಣದ ಹೆಸರುಗಳು. ಮಲ್ಲೇಶ್ವರದ ಬಳಿ ಸಂಪಿಗೆಯ ಹೆಸರು ಹೊತ್ತ ರಸ್ತೆಯೊಂದಿದೆ. ಅಲ್ಲಿಯ ನಿಲ್ದಾಣದ ಹೆಸರಿನಲ್ಲಿ ಸಂಪಿಗೆಗೆ ಮುಂದಾಗಿ ಪಕ್ಕದ ಮಾಲಿನ ಹೆಸರು ನಿಂತಿತು. ಹಳದಿ ಸಾಲಿನಲ್ಲಿ ಕೋನಪ್ಪನ ಅಗ್ರಹಾರ, ಹೆಬ್ಬಗೋಡಿ, ಬೊಮ್ಮಸಂದ್ರಗಳ ಜೊತೆಗೆ ಇನ್ಫೋಸಿಸ್ ಫೌಂಡೇಶನ್, ಬಯೋಕಾನ್, ಡೆಲ್ಟಾ ಎಲೆಕ್ಟ್ರಾನಿಕ್ಸ್ ಎಂಬ ಹೆಸರುಗಳು ಸೇರಿವೆ. ನಿಲ್ದಾಣಗಳಿಗೆ ಸಂಸ್ಥೆಗಳು ನೆರವು ನೀಡುವುದು ಒಳ್ಳೆಯದು. ಊರಿನ ಹೆಸರನ್ನು ಕಿತ್ತುಹಾಕದೆ ಜೊತೆಗಿಟ್ಟುಕೊಂಡರೆಂಬುದೂ ಸಮಾಧಾನದ ವಿಷಯವೆ. ಆದರೆ ಎರಡು ಹೆಸರುಗಳಿದ್ದಲ್ಲಿ ಉದ್ದವಾದದ್ದು ಮೊಟಕಾಗುತ್ತದೆ, ಹಿಂದಿರುವುದು ಮೊದಲು ಉದುರುತ್ತದೆ ಎಂಬುದು ಭಾಷೆಯ ಸ್ವಭಾವ. ಮಕ್ಕಳ ಬಾಯಲ್ಲಿ ಮುಂದೆ ಯಾವುದು ಉಳಿದೀತು? ಕೋನಪ್ಪನೋ, ಕಂಪೆನಿಯೋ?

ದಾನಿಯ ಹೆಸರನ್ನು ಎಲ್ಲಿ ಬರೆಯಬೇಕೆಂಬುದಕ್ಕೆ ನಮ್ಮಲ್ಲಿ ಹಳೆಯ ಪದ್ಧತಿಯಿದೆ. ಹಿರೇಹಡಗಲಿಯ ದೇವಾಲಯವನ್ನು ಕಟ್ಟಿಸಿದ ದೇಮರಸನ ಹೆಸರು ಶಾಸನದಲ್ಲಿದೆ. ದೇವರು ಕಲ್ಲೇಶ್ವರ, ಊರು ಹಿರೇಹಡಗಲಿ. ಹಳೇಬೀಡಿನಲ್ಲಿ ದೇವರಿಗೇ ಹೊಯ್ಸಳೇಶ್ವರನೆಂದು ಅರಸನ ಹೆಸರನ್ನಿಟ್ಟರು, ನಿಜ; ಆದರೆ ಊರಿಗೆ ಇಡಲಿಲ್ಲ. ಸಾವಿರ ವರ್ಷಗಳಾದರೂ ದೇಮರಸನನ್ನು ನಾವು ಇಂದು ಹೆಸರಿಸುತ್ತಿದ್ದೇವೆಂದರೆ ಕಲ್ಲಿನ ಮೇಲೆ ಬರೆಸಿದ್ದರಿಂದ ಅವನಿಗೆ ನಷ್ಟವೇನೂ ಆಗಲಿಲ್ಲವೆಂದಾಯಿತು. ನಿಲ್ದಾಣದ ಒಳಗೋಡೆಯಲ್ಲಿ ಚೆಂದವಾದ ಒಂದು ಕಲ್ಲನ್ನು ನಿಲ್ಲಿಸಿ, ಇಂಥವರ ನೆರವಿನಿಂದ ಇದು ಕಟ್ಟಲ್ಪಟ್ಟಿತೆಂದು ಬರೆಯಿಸಿದರೆ ದಾನಕ್ಕೂ ಗೌರವ, ಊರಿಗೂ ಗೌರವ.

ಹೊರಗಿನ ದೇಶಗಳಲ್ಲಿಯೂ ಈ ಪರೀಕ್ಷೆ ನಡೆದುಹೋಗಿದೆ. ಮಾಸ್ಕೋ ನಗರದ ನೆಲದಡಿಯ ರೈಲುದಾರಿ ೧೯೩೫ರಲ್ಲಿ ತೆರೆದಾಗ ಅದಕ್ಕೆ ಕಗನೋವಿಚ್ ಎಂಬ ಆಗಿನ ಮುಖಂಡನ ಹೆಸರನ್ನಿಟ್ಟರು. ೧೯೫೫ರಲ್ಲಿ ಅದನ್ನು ತೆಗೆದು ಲೆನಿನ್ನನ ಹೆಸರನ್ನಿಟ್ಟರು. ಅಲ್ಲಿ ಸ್ಟಾಲಿನ್ನನ ಹೆಸರಿನ ನಿಲ್ದಾಣವೊಂದಿತ್ತು. ಕಾಲ ಬದಲಾಗಿ ಸ್ಟಾಲಿನ್ನನ ಹೆಸರು ಬೇಡವಾದಾಗ, ೧೯೬೧ರಲ್ಲಿ ಅದನ್ನು ಸೆಮ್ಯೊನೊವ್‌ಸ್ಕಾಯಾ ಎಂದು ಕರೆದರು. ಅದು ಯಾರ ಹೆಸರು? ನಗರದೊಳಗೆ ಎಂದೋ ಕರಗಿಹೋಗಿದ್ದ ಹಳೆಯ ವಸತಿಯ ಹೆಸರು. ಅರಸರೂ ಮುಖಂಡರೂ ಬಂದು ಹೋದ ಮೇಲೆ ಹಳ್ಳಿಯೇ ಬಂದು ಕೈಹಿಡಿಯಿತು.

ನಮ್ಮ ದೇಶದಲ್ಲಿಯೇ ಕೊಲ್ಕತ್ತೆಯ ಉದಾಹರಣೆಯಿದೆ. ಅಲ್ಲಿಯ ಮೆಟ್ರೋ ೨೦೦೯–೧೦ರಲ್ಲಿ ದಕ್ಷಿಣಕ್ಕೆ ಮುಂದುವರಿದಾಗ ಬಾಂಸ್‌ದ್ರೋಣಿಯು ಮಾಸ್ಟರ್‌ದಾ ಸೂರ್ಯಸೇನ್ ಆಯಿತು, ನಾಕ್‌ತಲಾ ಗೀತಾಂಜಲಿಯಾಯಿತು, ಗರಿಯಾ ಬಜಾರು ಕವಿ ನಜ್ರುಲ್ ಆಯಿತು, ಹೊಸ ಗರಿಯಾ ಕವಿ ಸುಭಾಷ್ ಆಯಿತು. ಕಾವ್ಯಪ್ರಿಯರಾದ ಬಂಗಾಳಿಗಳಿಗೆ ಇದು ಹೆಮ್ಮೆಯ ಸಂಗತಿಯೇ ಇರಬೇಕು. ಆದರೆ ಹೊರ ಊರಿನಿಂದ ಬಂದು ಗರಿಯಾಕ್ಕೆ ಹೋಗಬೇಕಾದವನು ಒಬ್ಬ ಕವಿಯ ಬಳಿ ಇಳಿಯಬೇಕೋ ಇನ್ನೊಬ್ಬ ಕವಿಯ ಬಳಿ ಇಳಿಯಬೇಕೋ ಎಂಬುದನ್ನು ಫಲಕ ತಾನಾಗಿ ಹೇಳುವುದಿಲ್ಲ, ಯಾರನ್ನಾದರೂ ಕೇಳಲೇಬೇಕು. ಕೇಳದೆ ತಿಳಿಯಲೆಂದೇ ಅಲ್ಲವೆ ನಾವು ಫಲಕವನ್ನು ಹಾಕುವುದು?

ಇದಕ್ಕೆ ಬರುವ ಆಕ್ಷೇಪಗಳನ್ನೂ ನೋಡಬೇಕು. ಹಳೆಯ ಹೆಸರುಗಳೆಲ್ಲ ಒಳ್ಳೆಯವೆಂದೇನೂ ಇಲ್ಲ. ಒಂದು ಜಾತಿಯನ್ನು ಹೀನಾಯವಾಗಿ ಎತ್ತಿ ತೋರಿಸುವ ಕೇರಿಗಳ ಹೆಸರುಗಳು ನಮ್ಮ ನಾಡಿನಲ್ಲಿ ಎಷ್ಟಿಲ್ಲ? ಮಹಾರಾಷ್ಟ್ರ ಸರ್ಕಾರವು ೨೦೨೦ರಲ್ಲಿ ಜಾತಿಯ ಹೆಸರಿನ ವಸತಿಗಳಿಗೆ ಬೇರೆ ಹೆಸರುಗಳನ್ನಿಡಲು ತೀರ್ಮಾನಿಸಿದುದು ಸರಿಯಾಗಿಯೇ ಇದೆ. ಮನುಷ್ಯನ ಮನಸ್ಸನ್ನು ನೋಯಿಸುವ ಹೆಸರಿಗೆ ಸಾವಿರ ವರ್ಷದ ಶಾಸನಾಧಾರವಿದ್ದರೂ ಅದು ನಿಲ್ದಾಣದ ಫಲಕಕ್ಕೆ ಸಲ್ಲದು. ಇಂಗ್ಲಿಷರ ಕಾಲದ ಹೆಸರುಗಳನ್ನೇನು ಮಾಡಬೇಕೆಂದು ಮತ್ತೆ ಕೆಲವರು ಕೇಳುತ್ತಾರೆ. ಟ್ರಿನಿಟಿ ಎಂಬುದು ಅಲ್ಲಿಯ ಇಗರ್ಜಿಯಿಂದ ಬಂದ ಹೆಸರು. ವೈಟ್‌ಫೀಲ್ಡ್ ಎಂಬುದು ೧೯ನೆಯ ಶತಮಾನದ ಕೊನೆಯಲ್ಲಿ ಆಂಗ್ಲೋ-ಇಂಡಿಯನ್ನರ ವಸತಿಯನ್ನು ಏರ್ಪಡಿಸಿದ ವೈಟ್ ಎಂಬಾತನಿಂದ ಬಂದುದು. ಇವೂ ಆ ನೆಲದಲ್ಲಿ ನಡೆದ ಚರಿತ್ರೆಯೇ. ವೈಟ್‌ಫೀಲ್ಡಿನ ಜೊತೆಗೆ ಕಾಡುಗೋಡಿ ಎಂಬ ಹಳ್ಳಿಯ ಹೆಸರನ್ನೂ ಫಲಕದಲ್ಲಿ ಸೇರಿಸಿರುವುದು ಒಳ್ಳೆಯ ಮೇಲ್ಪಂಕ್ತಿ. ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಎಂಬ ನಿಲ್ದಾಣಕ್ಕೂ ನನ್ನ ವಿರೋಧವಿಲ್ಲ. ಮೈಸೂರು ಸರ್ಕಾರದ ಆ ಕಾರ್ಖಾನೆಯನ್ನು ಗುರುತಾಗಿ ಹಿಡಿದು ಜನ ಮೊದಲಿನಿಂದ ಆ ಎಡೆಯನ್ನು ಕರೆಯುತ್ತ ಬಂದರು. ಜನ ಕರೆದು ಬಂದ ಹೆಸರು ಬೇರೆ, ಹಣ ಕೊಟ್ಟು ಕರೆಯಿಸಿಕೊಂಡ ಹೆಸರು ಬೇರೆ.

ಲಿಪಿಯ ಮಾತನ್ನೂ ಇಲ್ಲಿ ಆಡಬೇಕು. ೨೦೧೭ರಲ್ಲಿ ಮೆಟ್ರೋ ಫಲಕಗಳಲ್ಲಿ ಹಿಂದಿಯನ್ನು ಬಳಸಿದ್ದರ ವಿರುದ್ಧ ಕನ್ನಡಿಗರು ದನಿಯೆತ್ತಿದರು; ಆ ಫಲಕಗಳನ್ನು ತೆಗೆದರು. ಅದು ಆಗಬೇಕಾದುದೇ. ಆದರೆ ಕನ್ನಡ ಲಿಪಿಯಲ್ಲಿ ಬರೆದ ಮಾತ್ರಕ್ಕೆ ಹೆಸರು ಕನ್ನಡದ್ದಾಗುವುದಿಲ್ಲ. ಲಿಪಿಗಾಗಿ ಹೋರಾಡಿದ ನಾವು ಲಿಪಿಯೊಳಗೆ ಏನನ್ನು ಬರೆಯುತ್ತಿದ್ದೇವೆಂಬುದನ್ನೂ ನೋಡಿಕೊಳ್ಳಬೇಕು.

ಹೆಸರು ಕಣ್ಣಿಗಿಂತ ಹೆಚ್ಚಾಗಿ ಕಿವಿಗೆ ಸೇರಿದ್ದು. ಈ ಮಾತನ್ನು ಬಾನುಲಿಯ ಕೇಳುಗರಿಗೆ ವಿವರಿಸಬೇಕಾಗಿಲ್ಲ. ೧೯೩೫ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಪುಟ್ಟ ಪ್ರಸಾರ ಕೇಂದ್ರವನ್ನು ಸ್ಥಾಪಿಸಿದರು. ಅದಕ್ಕೆ ಅವರ ಹೆಸರನ್ನಾಗಲಿ ಅರಸರ ಹೆಸರನ್ನಾಗಲಿ ಇಡಲಿಲ್ಲ, ‘ಆಕಾಶವಾಣಿ’ ಎಂದರು. ಮಾಡುವ ಕೆಲಸವೇ ಹೆಸರಾಯಿತು. ಹಳ್ಳಿಯ ಮುದುಕಿಗೂ ಒಮ್ಮೆ ಕೇಳಿದೊಡನೆ ಅರ್ಥವಾಯಿತು. ಮುಂದೆ ೧೯೫೦ರ ದಶಕದಲ್ಲಿ ಇಡೀ ದೇಶದ ಬಾನುಲಿಯೇ ಆ ಹೆಸರನ್ನು ತನ್ನದಾಗಿ ಮಾಡಿಕೊಂಡಿತು. ಮೆಟ್ರೋ ಗಾಡಿಯಲ್ಲಿಯೂ ‘ಮುಂದಿನ ನಿಲ್ದಾಣ’ ಎಂದು ಧ್ವನಿ ಬಂದ ಮೇಲೆ ಬಾಗಿಲು ತೆರೆಯುವುದಕ್ಕೆ ಹೆಚ್ಚು ಹೊತ್ತಿಲ್ಲ. ಜನಸಂದಣಿಯಲ್ಲಿ, ಕೈಯಲ್ಲಿ ಗಂಟು ಹಿಡಿದು ನಿಂತವನ ಕಿವಿಗೆ ಬಿರುದುಬಾವಲಿಗಳೆಲ್ಲ ಮುಗಿದು ಕೊನೆಯಲ್ಲಿ ಊರಿನ ಹೆಸರು ಬೀಳುವಷ್ಟರಲ್ಲಿ ಅವನ ನಿಲ್ದಾಣ ದಾಟಿಹೋದೀತು.

ಈ ಎಲ್ಲ ವಿಚಾರಗಳಿಂದ ಹೊರಡುವ ಕ್ರಮವನ್ನು ಹೀಗೆ ಹೇಳಬಹುದು. ನಿಲ್ದಾಣ ಯಾವ ನೆಲದ ಮೇಲಿದೆಯೋ ಆ ನೆಲದ ಹೆಸರೇ ಅದಕ್ಕೆ ಮೊದಲ ಹಕ್ಕುದಾರ. ಒಂದೇ ಹೆಸರು ಎರಡು ಕಡೆಗಳಲ್ಲಿದ್ದರೆ, ನಮ್ಮ ಹಿರಿಯರು ಹೂವನ್ನೂ ಹೊಳೆಯನ್ನೂ ಸೇರಿಸಿದಂತೆ, ಸುತ್ತಲಿನ ಗುರುತೊಂದನ್ನು ಸೇರಿಸಬೇಕು. ಬೆಂಗಳೂರಿನ ಹಳದಿ ಸಾಲಿನಲ್ಲಿ ಬೊಮ್ಮನಹಳ್ಳಿ ಎಂಬ ನಿಲ್ದಾಣವಿದೆ, ನೇರಳೆ ಸಾಲಿನಲ್ಲಿ ವಿಜಯನಗರವೆಂಬ ನಿಲ್ದಾಣವಿದೆ. ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿಯಿಂದ ಹೋದವನಿಗೆ ಎರಡೂ ಮನೆಯ ಹೆಸರುಗಳೆ! ಹೆಸರು ಮೂರು ನಾಲ್ಕು ಮಾತುಗಳ ಮೆರವಣಿಗೆಯಾಗದೆ ಒಂದೇ ಉಸಿರಿನಲ್ಲಿ ಹೇಳುವಂತಿರಬೇಕು. ಮಹನೀಯರ ಹೆಸರನ್ನಿಡುವುದಾದರೆ ಅವರು ಹುಟ್ಟಿದ, ದುಡಿದ, ಮಡಿದ ಎಡೆಯಲ್ಲಿಯೇ ಇಡಬೇಕು. ಮೊದಲಕ್ಷರಗಳಾಗಿ ಕುಗ್ಗಿಸದೆ ಪೂರ್ತಿಯಾಗಿ ಕರೆಯಬೇಕು. ಬೇರೆ ಕಡೆಗಳಲ್ಲಿ ಅವರಿಗೆ ಗ್ರಂಥಾಲಯ, ಸಭಾಂಗಣ, ಶಾಲೆಗಳನ್ನು ಮೀಸಲಿಡಬೇಕು. ದಾನಿಗಳಿಗೆ ಕಲ್ಲಿನ ಶಾಸನವಿರಲಿ. ಪ್ರತಿಯೊಂದು ನಿಲ್ದಾಣದಲ್ಲಿಯೂ ಆ ಹೆಸರಿನ ಅರ್ಥವೇನು, ಅಲ್ಲಿ ಯಾವ ಕೆರೆಯಿತ್ತು, ಯಾವ ಶಾಸನದಲ್ಲಿ ಅದರ ಉಲ್ಲೇಖವಿದೆ ಎಂಬುದನ್ನು ಹತ್ತು ಸಾಲುಗಳಲ್ಲಿ ಕನ್ನಡದಲ್ಲಿ ಬರೆದು ಗೋಡೆಯ ಮೇಲಿಡಲಿ. ಗಾಡಿಗಾಗಿ ಕಾಯುವ ಐದು ನಿಮಿಷಗಳಲ್ಲಿ ಸಾವಿರಾರು ಜನ ಅದನ್ನು ಓದುತ್ತಾರೆ. ನಾಡಿನ ಚರಿತ್ರೆಯನ್ನು ಕಲಿಸುವುದಕ್ಕೆ ಅದಕ್ಕಿಂತ ದೊಡ್ಡ ಪಾಠಶಾಲೆಯನ್ನು ಯಾವ ಸರ್ಕಾರವೂ ಕಟ್ಟಿಸಲಾರದು.

ಈ ಕೆಲಸ ಬೆಂಗಳೂರಿನವರಿಗೆ ಮಾತ್ರ ಸೇರಿದ್ದೆಂದು ನಾವು ಕೈಕಟ್ಟಿ ಕೂರುವಂತಿಲ್ಲ. ಇಂದು ಅಲ್ಲಿ ಆದದ್ದು ನಾಳೆ ಇಲ್ಲಿಯೂ ಆಗುತ್ತದೆ. ನಿಮ್ಮ ಊರಿನ ಹೊರಗೆ ಹೊಲಗಳನ್ನು ಬಡಾವಣೆಗಳನ್ನಾಗಿ ಮಾಡುವ ಕೆಲಸ ಆಗಲೇ ಮೊದಲಾಗಿರಬೇಕು. ಹೊಸ ಬಸ್ ನಿಲ್ದಾಣವೋ ವೃತ್ತವೋ ಹೆಸರಿಗಾಗಿ ಕಾಯುತ್ತಿರಬೇಕು. ಆ ಹೊಲಕ್ಕೆ, ಆ ಹಳ್ಳಕ್ಕೆ, ಆ ದಿಬ್ಬಕ್ಕೆ ಒಂದೊಂದು ಹೆಸರಿದೆ. ಅದನ್ನು ಬಲ್ಲ ಹಿರಿಯರು ಇನ್ನೂ ಜಗಲಿಯ ಮೇಲೆ ಕುಳಿತಿದ್ದಾರೆ. ಅವರನ್ನು ಕೇಳಿ ಬರೆದಿಟ್ಟುಕೊಳ್ಳಿರಿ. ಹೆಸರಿಡುವ ಸಭೆ ಸೇರಿದಾಗ ಆ ಕಾಗದವನ್ನು ಮುಂದಿಡಿರಿ. ಹೊಸ ಹೆಸರನ್ನು ಕಟ್ಟುವುದಕ್ಕೆ ಒಂದು ಗಳಿಗೆ ಸಾಕು. ಪೂವು ಹೂವಾಗಿ, ಪಡಂಗಿಲೆ ಹಡಗಲಿಯಾಗಿ ಬರುವುದಕ್ಕೆ ಮಾತ್ರ ಎಷ್ಟೋ ತಲೆಮಾರುಗಳ ನಾಲಗೆ ಬೇಕಾಯಿತು.